ಹರಾಜಿನ ಮನೆಯ ಬಾಗಿಲು ತಟ್ಟಿ ನೋಡಿದಿರಾ?



ದಿನಪತ್ರಿಕೆಯಲ್ಲಿ ನಾವೆಲ್ಲ ಮಗುಚಿ ಮುಂದೆ ಹೋಗುವ ಒಂದು ಪುಟವಿರುತ್ತದೆ. ಸಾಸಿವೆಯಷ್ಟು ಸಣ್ಣ ಅಕ್ಷರ, ಸಾಲು ಸಾಲು ಚೌಕಗಳು, ಮೇಲೆ ಬ್ಯಾಂಕಿನ ಲಾಂಛನ, ಕೊನೆಯಲ್ಲಿ 'ಅಧಿಕೃತ ಅಧಿಕಾರಿ' ಎಂಬ ಎರಡು ಪದ. ನಡುವೆ ಸಾಲಗಾರನ ಹೆಸರು, ಹೆಚ್ಚಾಗಿ ಅದರ ಪಕ್ಕದಲ್ಲೇ ಅವನ ಹೆಂಡತಿಯ ಹೆಸರು, ಬಾಕಿ ಮೊತ್ತ, ಮನೆಯ ಚೆಕ್ಕುಬಂದಿ, ಮೀಸಲು ಬೆಲೆ. ಈಗೀಗ ನಮ್ಮ ಜಿಲ್ಲೆಯ ಮನೆಗಳಲ್ಲಿ ಈ ಪುಟವನ್ನು ಕನ್ನಡಕ ಹಾಕಿಕೊಂಡು ಓದುವವರು ಹೆಚ್ಚಾಗಿದ್ದಾರೆ. ಕಾರಣ ಸರಳ. ಪಕ್ಕದ ಮನೆಗೆ ಹೇಳುವ ಬೆಲೆಗಿಂತ ಇಲ್ಲಿಯ ಬೆಲೆ ಕಡಿಮೆ.

ನನ್ನ ಖಾಲಾನ ಮಗಳು ಹೊಳಲ್ಕೆರೆಯಲ್ಲಿದ್ದಾಳೆ. ಗಂಡನಿಗೆ ವೆಲ್ಡಿಂಗ್ ಅಂಗಡಿ. ಮಕ್ಕಳ ಓದಿಗಾಗಿ ಚಿತ್ರದುರ್ಗಕ್ಕೆ ಬಂದು ನೆಲೆಸಬೇಕೆಂಬುದು ಅವಳ ಬಹುದಿನಗಳ ಆಸೆ. ಒಂದು ದಿನ ಫೋನ್ ಮಾಡಿ, "ಆಪಾ, ದುರ್ಗದಲ್ಲಿ ಮೂವತ್ತು-ನಲವತ್ತರ ಸೈಟಿನಲ್ಲಿ ಕಟ್ಟಿದ ಮನೆ, ಹದಿನೆಂಟು ಲಕ್ಷಕ್ಕೆ ಬ್ಯಾಂಕ್ ಹರಾಜಿಗಿದೆಯಂತೆ. ಅದೇ ಬೀದಿಯಲ್ಲಿ ಇಪ್ಪತ್ತೆಂಟು ಹೇಳ್ತಾರೆ" ಎಂದಳು. ನಾನೂ "ಅಲ್ಲಾಹನು ಬರಕತ್ ನೀಡಲಿ" ಎಂದು ಫೋನ್ ಇಟ್ಟುಬಿಟ್ಟೆ. ಅಂದು ನಾನು ಕೇಳಬೇಕಾಗಿದ್ದ, ಆದರೆ ಕೇಳದೆ ಬಿಟ್ಟ ಪ್ರಶ್ನೆಗಳನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತಿದ್ದೇನೆ.

ಅವರು ಮೀಸಲು ಬೆಲೆಯ ಶೇಕಡ 10ರಂತೆ 1,80,000 ರೂಪಾಯಿ ಮುಂಗಡ ಠೇವಣಿ ಕಟ್ಟಿದರು. ಹರಾಜು ನಡೆದದ್ದು ಕಂಪ್ಯೂಟರಿನಲ್ಲಿ. ಹದಿನೆಂಟೂವರೆ ಲಕ್ಷಕ್ಕೆ ಅವರ ಹೆಸರಿಗೆ ನಿಂತಿತು. ಮನೆಯಲ್ಲಿ ಶೀರ್‌ಖುರ್ಮಾ ಮಾಡಿ ಹಂಚಿದರು. ಹರಾಜಿನ ಕಾನೂನು ಶುರುವಾಗುವುದೇ ಆ ಸಂಜೆಯಿಂದ.

ಕೂಗಿದ ಬೆಲೆಯ ಶೇಕಡ 25ನ್ನು ಅದೇ ದಿನ, ತಪ್ಪಿದರೆ ಮರುದಿನದ ಕೆಲಸದ ವೇಳೆಯೊಳಗೆ ಕಟ್ಟಬೇಕು. ಮುಂಗಡ ಠೇವಣಿ ಅದರಲ್ಲೇ ಸೇರುತ್ತದೆ. ಅವರ ಲೆಕ್ಕದಲ್ಲಿ ಒಟ್ಟು 4,62,500 ರೂಪಾಯಿ. ನನ್ನ ತಂಗಿ ತನ್ನ ಮದುವೆಯ ಬಳೆಗಳನ್ನೂ ಅತ್ತೆ ಕೊಟ್ಟಿದ್ದ ಸರವನ್ನೂ ಮಾರಿ ಅದನ್ನು ತುಂಬಿಸಿದಳು. ಉಳಿದ ಶೇಕಡ 75ಕ್ಕೆ ಇರುವುದು ಮಾರಾಟ ದೃಢಪಟ್ಟ ದಿನದಿಂದ 15 ದಿನ. ಬ್ಯಾಂಕು ಬರವಣಿಗೆಯಲ್ಲಿ ಒಪ್ಪಿದರೆ ಮಾತ್ರ ಅವಧಿ ಮುಂದಕ್ಕೆ ಹೋಗುತ್ತದೆ, ಅದೂ ಮೂರು ತಿಂಗಳನ್ನು ಮೀರುವಂತಿಲ್ಲ. "ಮನೆಯ ಮೇಲೆಯೇ ಬೇರೆ ಕಡೆಯಿಂದ ದುಡ್ಡು ಎತ್ತಿದರಾಯಿತು" ಎಂದು ಅವಳ ಗಂಡನಿಗೆ ಯಾರೋ ಹೇಳಿದ್ದರು. ಬಡ್ಡಿಯ ವಿಷಯ ಹಾಗಿರಲಿ, ಆ ದುಡ್ಡೂ ಹುಟ್ಟಲಿಲ್ಲ. ಮನೆಯೊಳಗೆ ಜನರಿದ್ದಾರೆ, ಕೀಲಿ ಬ್ಯಾಂಕಿನ ಕೈಯಲ್ಲಿಲ್ಲ ಎಂದು ತಿಳಿದೊಡನೆ ಕೇಳಿದವರೆಲ್ಲ ಹಿಂದೆ ಸರಿದರು. "ಮುಂದಿನ ವಾರ ತರುತ್ತೇವೆ" ಎಂದು ಬ್ಯಾಂಕಿನಲ್ಲಿ ಬಾಯಿಮಾತಿನಲ್ಲಿ ಕೇಳಿಕೊಂಡರು. ಅರ್ಜಿ ಬರೆದುಕೊಡಲಿಲ್ಲ, ಬ್ಯಾಂಕಿನಿಂದ ಬರೆಸಿಕೊಳ್ಳಲೂ ಇಲ್ಲ. ಅವಧಿ ಮುಗಿಯಿತು. 4,62,500 ರೂಪಾಯಿ ಮುಟ್ಟುಗೋಲಾಯಿತು.

ಕೋರ್ಟಿಗೆ ಹೋದರೆ ಸ್ವಲ್ಪವಾದರೂ ಸಿಗುತ್ತಿತ್ತಲ್ಲವೇ ಎಂದು ನೀವು ಕೇಳಬಹುದು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಇಂಥದ್ದೇ ಒಂದು ಪ್ರಕರಣದಲ್ಲಿ ತೀರ್ಪು ನೀಡಿದೆ. ಖರೀದಿದಾರ ಬಾಕಿ ಕಟ್ಟದೆ ಹೋದರೆ ಇಡೀ ಶೇಕಡ 25ನ್ನು ಇಟ್ಟುಕೊಳ್ಳಲು ಬ್ಯಾಂಕಿಗೆ ಹಕ್ಕಿದೆ, ಆ ಆಸ್ತಿಯನ್ನು ಬ್ಯಾಂಕು ಆಮೇಲೆ ಹೆಚ್ಚು ಬೆಲೆಗೆ ಮಾರಿದ್ದರೂ ಸರಿಯೇ. ಆದ್ದರಿಂದ ಸಹೋದರಿ, ಪೂರ್ತಿ ಹಣ ಕೈಯಲ್ಲಿರದೆ, ಅಥವಾ ಇಂತಹ ದಿನ ಬರುತ್ತದೆಂಬ ಖಾತ್ರಿಯಿರದೆ, ನಿಮ್ಮ ಯಜಮಾನರು ಹರಾಜಿಗೆ ಹೊರಟರೆ ಅಲ್ಮೆರಾದ ಬೀಗದ ಕೈ ಕೊಡಬೇಡಿ. ಜಗಳವಾದರೂ ಚಿಂತೆಯಿಲ್ಲ.

ಈ ಹರಾಜುಗಳ ಬೇರು 2002ರ ಸರ್ಫೇಸಿ ಕಾಯ್ದೆಯಲ್ಲಿದೆ. ಅದಕ್ಕೆ ಮೊದಲು ಅಡಮಾನದ ಮನೆಯನ್ನು ಮಾರಲು ಬ್ಯಾಂಕು ನ್ಯಾಯಾಲಯದ ಮೆಟ್ಟಿಲೇರಿ ವರ್ಷಗಟ್ಟಲೆ ಕಾಯಬೇಕಿತ್ತು. ಈಗ ತಾನೇ ನೋಟಿಸು ಕೊಟ್ಟು, ತಾನೇ ಸ್ವಾಧೀನಕ್ಕೆ ತೆಗೆದುಕೊಂಡು, ತಾನೇ ಮಾರಬಹುದು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರವಿದೆಯೆಂದು 2020ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಜಾಹೀರಾತಿನಲ್ಲಿ ಮೊದಲು ಹುಡುಕಬೇಕಾದುದು ಬೆಲೆಯನ್ನಲ್ಲ, 'ಸ್ವಾಧೀನ' ಎಂಬ ಪದವನ್ನು. ಅದರ ಹಿಂದೆ 'ಸಾಂಕೇತಿಕ' ಎಂದಿದ್ದರೆ ಬ್ಯಾಂಕು ಮಾಡಿರುವುದು ಇಷ್ಟೇ. ಬಾಗಿಲಿಗೆ ನೋಟಿಸು ಅಂಟಿಸಿದೆ, ಎರಡು ಪತ್ರಿಕೆಗಳಲ್ಲಿ ಹಾಕಿಸಿದೆ. ಒಳಗೆ ಒಲೆ ಉರಿಯುತ್ತಿದೆ, ಹಗ್ಗದ ಮೇಲೆ ಮಕ್ಕಳ ಸಮವಸ್ತ್ರ ಒಣಗುತ್ತಿದೆ. 'ಭೌತಿಕ' ಎಂದಿದ್ದರೆ ಮಾತ್ರ ಕೀಲಿ ಬ್ಯಾಂಕಿನ ಬಳಿ ಇದೆಯೆಂದು ಅರ್ಥ. ಒಳಗಿರುವವರನ್ನು ಬಿಡಿಸಲು ಬ್ಯಾಂಕು ಜಿಲ್ಲಾಧಿಕಾರಿಗಳಿಗೋ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೋ ಅರ್ಜಿ ಹಾಕಬೇಕು. ಒಳಗಿರುವುದು ಮಾಲೀಕನಲ್ಲ, ಬಾಡಿಗೆದಾರ, ಅದೂ ಅಡಮಾನಕ್ಕಿಂತ ಹಳೆಯ ಕರಾರಿನವನು ಎಂದಾದರೆ ಅವನಿಗೆ ಅವನದೇ ಹಕ್ಕುಗಳಿರುತ್ತವೆ. ಸಾಲಗಾರ ಬೆಂಗಳೂರಿನಲ್ಲಿರುವ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಿ ತಡೆಯಾಜ್ಞೆ ತಂದಿದ್ದಾನೆಯೇ ಎಂಬುದನ್ನೂ ಬ್ಯಾಂಕಿನಲ್ಲಿ ಕೇಳಿ ಬರೆಸಿಕೊಳ್ಳಬೇಕು.

ಜಾಹೀರಾತಿನಲ್ಲಿ ಇನ್ನೊಂದು ಮಾತಿರುತ್ತದೆ: 'ಎಲ್ಲಿದೆಯೋ ಹೇಗಿದೆಯೋ ಹಾಗೆ'. ಸಂತೆಯಲ್ಲಿ ಕೋಳಿ ಕೊಳ್ಳುವಾಗಲೂ ನಾವು ರೆಕ್ಕೆ ಎತ್ತಿ ನೋಡುತ್ತೇವೆ. ಇಲ್ಲಿ ರೆಕ್ಕೆ ಎತ್ತದಿದ್ದರೆ ದೋಷವೆಲ್ಲ ಕೊಂಡವರದು. ಕಂದಾಯ ಬಾಕಿ, ನೀರಿನ ಬಾಕಿ, ಬೆಸ್ಕಾಂ ಬಾಕಿ ಎಲ್ಲವೂ. ಹಳೆಯ ಮಾಲೀಕನ ವಿದ್ಯುತ್ ಬಾಕಿಯನ್ನು, ನಿಯಮದಲ್ಲಿ ಹಾಗೆಂದಿದ್ದರೆ, ಹರಾಜಿನಲ್ಲಿ ಕೊಂಡವರಿಂದ ಕೇಳಬಹುದೆಂದು 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇದರ ಮೇಲೆ ಮುದ್ರಾಂಕ ಶುಲ್ಕ. ನೋಂದಣಿ ಶುಲ್ಕವನ್ನು ನಮ್ಮ ರಾಜ್ಯದಲ್ಲಿ 2025ರ ಆಗಸ್ಟ್ 31ರಿಂದ ಶೇಕಡ 1ರಿಂದ 2ಕ್ಕೆ ಏರಿಸಿದ್ದಾರೆ. ಇವನ್ನೆಲ್ಲ ಕೂಡಿಸಿ ನೋಡಿದರೆ ಅಗ್ಗ ಎಷ್ಟು ಉಳಿಯಿತೆಂದು ತಿಳಿಯುತ್ತದೆ.

ನಿವೇಶನವಾದರೆ ಇನ್ನೂ ಎಚ್ಚರ ಬೇಕು. ಹೊಸದುರ್ಗ, ಹೊಳಲ್ಕೆರೆಯ ಊರಂಚಿನಲ್ಲಿ ತೆಂಗಿನ, ಅಡಿಕೆಯ ತೋಟಗಳ ಪಕ್ಕದ ಹೊಲಗಳು ಕಲ್ಲು ನೆಟ್ಟು ಸೈಟುಗಳಾಗಿರುವುದನ್ನು ನೀವೂ ನೋಡಿರುತ್ತೀರಿ. ಕೃಷಿ ಭೂಮಿಯನ್ನು ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕುವಂತಿಲ್ಲ. ಭೂಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ, ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ಪಟ್ಟಣವಾದರೆ ಇ-ಖಾತೆ, ಇವನ್ನು ಕಣ್ಣಾರೆ ನೋಡದೆ ಠೇವಣಿ ಕಟ್ಟಬೇಡಿ. ಉಪನೋಂದಣಾಧಿಕಾರಿ ಕಚೇರಿಯ ಇ.ಸಿ. ತೆಗೆಸುವಾಗ ಹಿಂದಿನ ಎರಡು ಮೂರು ವರ್ಷಗಳದ್ದು ಸಾಲದು, ಮೂವತ್ತು ವರ್ಷಗಳದ್ದೇ ತೆಗೆಸಿ.

ಹಿರಿಯೂರಿನವರಿಗೆ ಒಂದು ಪ್ರತ್ಯೇಕ ಮಾತು. ವೇದಾವತಿಯ ದಂಡೆಯ ಕಡೆ ತಗ್ಗಿನ ಸೈಟು ಅಗ್ಗಕ್ಕೆ ಕಂಡರೆ ನೆರೆಯವರನ್ನು ಕೇಳಿ. ನಮ್ಮ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರ ನಂತರ ಮೊದಲ ಬಾರಿಗೆ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿತ್ತು. ಎಂಬತ್ತೊಂಬತ್ತು ವರ್ಷ ಬಾರದ ನೀರು ಇನ್ನು ಬರುವುದಿಲ್ಲವೆಂದು ಲೆಕ್ಕ ಹಾಕಿದವರ ಲೆಕ್ಕ ತಪ್ಪಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಹರಿಯಿತು. ನೀರು ಎಲ್ಲಿಯವರೆಗೆ ಬಂದಿತ್ತು ಎಂಬುದು ಯಾವ ಜಾಹೀರಾತಿನಲ್ಲೂ ಇರುವುದಿಲ್ಲ, ಪಕ್ಕದ ಮನೆಯ ಅಜ್ಜಿಗೆ ಗೊತ್ತಿರುತ್ತದೆ.

ಇಷ್ಟೆಲ್ಲ ಕಾಗದಪತ್ರದ ಮಾತಾಯಿತು. ಬ್ಯಾಂಕಿನ ಹರಾಜಿನಲ್ಲಿ ಕೊಳ್ಳುವುದು ನಮಗೆ ಸರಿಯೇ ಎಂದು ಕೇಳುವ ಸಹೋದರಿಯರಿದ್ದಾರೆ. ಹರಾಜು ಎಂಬ ವ್ಯಾಪಾರದ ಕ್ರಮದಲ್ಲಿ ದೋಷವಿಲ್ಲ. ಕೇಳಿಕೊಂಡು ಬಂದ ಅನ್ಸಾರಿಯೊಬ್ಬರ ಮನೆಯ ಕಂಬಳಿ ಮತ್ತು ಬಟ್ಟಲನ್ನು ಪ್ರವಾದಿ(ಸ)ಯವರು ತಾವೇ ಕೈಯಲ್ಲಿ ಹಿಡಿದು ಕೂಗಿ ಎರಡು ದಿರ್ಹಮಿಗೆ ಮಾರಿಕೊಟ್ಟ ಘಟನೆ ಅಬೂದಾವೂದ್‌ನಲ್ಲಿದೆ. ಒಂದು ದಿರ್ಹಮು ಅವರ ಮನೆಯವರ ಊಟಕ್ಕೆ, ಇನ್ನೊಂದು ಕೊಡಲಿಗೆ. ಕೊಳ್ಳುವ ಮನಸ್ಸಿಲ್ಲದೆ ಬೆಲೆ ಏರಿಸಲು ಕೂಗುವುದನ್ನು ಅವರು ನಿಷೇಧಿಸಿದ್ದಾರೆ. ನಾಲ್ಕು ಮಂದಿ ಒಳಗೊಳಗೇ ಮಾತಾಡಿಕೊಂಡು ಕೂಗದೆ ಉಳಿದು ಸಾಲಗಾರನ ಮನೆಯನ್ನು ಮಣ್ಣಿನ ಬೆಲೆಗೆ ಇಳಿಸುವುದನ್ನು ಏನೆನ್ನಬೇಕೋ ನೀವೇ ಹೇಳಿ.

ಆದರೆ ವಾಸದ ಮನೆಯ ವಿಷಯದಲ್ಲಿ ನಮ್ಮ ಹಿಂದಿನ ವಿದ್ವಾಂಸರು ಎಷ್ಟು ತಲೆ ಕೆಡಿಸಿಕೊಂಡಿದ್ದರೆಂದು ಮದ್ರಸಾದಲ್ಲಿ ಓದಿದ್ದು ನನಗೆ ಆಗಾಗ ನೆನಪಾಗುತ್ತದೆ. ಸಾಲ ತೀರಿಸಲಾಗದವನ ಆಸ್ತಿಯನ್ನು ಮಾರುವಾಗ, ಅವನಿಗೆ ಬೇರೆ ನೆಲೆಯಿಲ್ಲದಿದ್ದರೆ ವಾಸದ ಮನೆಯನ್ನು ಬಿಡಬೇಕೆಂದು ಇಮಾಮ್ ಅಹ್ಮದರ ಮದ್‌ಹಬ್. ಮಾರಬಹುದು, ಆದರೆ ಬಾಡಿಗೆಗೆ ಒಂದು ಮನೆ ಮಾಡಿಕೊಡಬೇಕೆಂದು ಇಮಾಮ್ ಮಾಲಿಕ್ ಮತ್ತು ಶಾಫಿಈ. ಮನೆಯೊಳಗಿನವರು ರಾತ್ರಿ ಎಲ್ಲಿ ಮಲಗುತ್ತಾರೆ ಎಂಬ ಪ್ರಶ್ನೆಯನ್ನು ಇಬ್ಬರೂ ಬಿಟ್ಟಿರಲಿಲ್ಲ. ನಿಮ್ಮ ಸಂದರ್ಭಕ್ಕೆ ಏನು ಎಂಬುದನ್ನು ನಿಮ್ಮೂರಿನ ಆಲಿಮರಲ್ಲಿ ಕೇಳಿ.

ನನ್ನ ತಂಗಿ ಕೂಗಿದ ಮನೆ ಯಾರದೆಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ. ನನ್ನ ಏಳನೇ ತರಗತಿಯ ಹುಡುಗಿಯೊಬ್ಬಳು ಎರಡು ವಾರ ಶಾಲೆಗೆ ಬಂದಿರಲಿಲ್ಲ. ವಿಚಾರಿಸಲು ಹೋದಾಗ ಬಾಗಿಲ ಮೇಲಿನ ಕಾಗದದ ಗೋಂದಿನ ಗುರುತು ಕಂಡಿತು, ಸಂಖ್ಯೆಯೂ ಅದೇ. ಎರಡನೇ ಹರಾಜಿನಲ್ಲಿ ಬೇರೆ ಯಾರೋ ಕೊಂಡಿದ್ದರು, ಸಾಮಾನು ಕಟ್ಟುತ್ತಿದ್ದರು. ಹುಡುಗಿಯ ತಾಯಿ ಒಂದು ಚೀಲ ತುಂಬ ಕಾಗದ ತಂದು ನನ್ನ ಮುಂದೆ ಸುರಿದರು. ಅವರ ಸಹಿ ಎಲ್ಲದರಲ್ಲೂ ಇತ್ತು, ಸಹಸಾಲಗಾರ್ತಿಯೆಂದು. "ಸಹಿ ಹಾಕು ಅಂದ್ರು, ಹಾಕಿದೆ ಮೇಡಂ."

ಆ ಚೀಲದಲ್ಲಿ ಏನೇನಿತ್ತೆಂದು ಸಾಲವಿರುವ ಮನೆಯ ಸಹೋದರಿಯರು ತಿಳಿದಿರಲಿ. ಮೊದಲನೆಯದು 60 ದಿನಗಳ ಬೇಡಿಕೆ ನೋಟಿಸು. ಅದಕ್ಕೆ ಬರವಣಿಗೆಯಲ್ಲಿ ಆಕ್ಷೇಪಣೆ ಸಲ್ಲಿಸಿದರೆ ಬ್ಯಾಂಕು 15 ದಿನಗಳಲ್ಲಿ ಕಾರಣಸಹಿತ ಉತ್ತರಿಸಲೇಬೇಕು. ಅವರು ಸಲ್ಲಿಸಿರಲಿಲ್ಲ. ನಂತರ ಸ್ವಾಧೀನದ ನೋಟಿಸು. ಅಲ್ಲಿಂದ 45 ದಿನಗಳೊಳಗೆ ನ್ಯಾಯಮಂಡಳಿಗೆ ಹೋಗಬಹುದಿತ್ತು. ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ವಕೀಲರನ್ನು ಹಿಡಿಯುವ ಶಕ್ತಿ ಅವರಿಗೆಲ್ಲಿತ್ತು? ಕೊನೆಗೆ ಮಾರಾಟದ ನೋಟಿಸು, ಮೊದಲ ಬಾರಿಗೆ 30 ದಿನಗಳದು, ಆ ಹರಾಜು ಕೈಗೂಡದಿದ್ದರೆ ಮುಂದಿನದಕ್ಕೆ 15 ದಿನಗಳದು. ಹರಾಜಿನ ಹಿಂದಿನ ಸಂಜೆ ದುಡ್ಡು ತಂದು ಮನೆ ಬಿಡಿಸಿಕೊಳ್ಳಬಹುದೆಂದು ಆ ಮನೆಯ ಯಜಮಾನರು ನಂಬಿದ್ದರು. ಒಂದು ಕಾಲದಲ್ಲಿ ಅದು ಸಾಧ್ಯವಿತ್ತು. 2016ರಲ್ಲಿ ಕಾನೂನು ಬದಲಾಗಿ, ಹರಾಜಿನ ನೋಟಿಸು ಪ್ರಕಟವಾಗುವ ಮುಂಚೆಯೇ ಪೂರ್ತಿ ಬಾಕಿ ಕಟ್ಟಬೇಕೆಂದಾಯಿತು. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಪತ್ರಿಕೆಯಲ್ಲಿ ಹೆಸರು ಬಂದ ಮೇಲೆ ಓಡಾಡಿದರೆ ಹಕ್ಕಿನ ಬಲವಿರುವುದಿಲ್ಲ, ಬ್ಯಾಂಕಿನ ದಾಕ್ಷಿಣ್ಯವನ್ನು ಕಾಯಬೇಕು ಅಷ್ಟೇ.

ಇನ್ನೊಂದು ವಿಷಯ ಆ ತಾಯಿಗೆ ಯಾರೂ ಹೇಳಿರಲಿಲ್ಲ. ಮಾರಿ ಬಂದ ಹಣದಲ್ಲಿ ಖರ್ಚು ಮತ್ತು ಬಾಕಿ ಕಳೆದು ಏನಾದರೂ ಉಳಿದರೆ ಅದು ಬ್ಯಾಂಕಿನದಲ್ಲ, ಹಕ್ಕುಳ್ಳವರಿಗೆ ಕೊಡಬೇಕೆಂದು ಅದೇ ಕಾಯ್ದೆಯ 13ನೇ ಕಲಮಿನಲ್ಲಿದೆ. ಕಡಿಮೆ ಬಿದ್ದರೆ ಉಳಿದದ್ದನ್ನು ಬ್ಯಾಂಕು ಮತ್ತೆ ಕೇಳಬಹುದೆಂದೂ ಅಲ್ಲೇ ಇದೆ. ಎರಡರಲ್ಲಿ ಯಾವುದೆಂದು ತಿಳಿಯಲು ಲೆಕ್ಕದ ವಿವರ ಕೇಳಬೇಕು. ಎಷ್ಟಕ್ಕೆ ಹೋಯಿತು, ಬಾಕಿ ಎಷ್ಟು ಹಿಡಿದರು, ಖರ್ಚೆಂದು ಎಷ್ಟು ಕಳೆದರು, ಮುಟ್ಟುಗೋಲಾದ ನನ್ನ ತಂಗಿಯ ಹಣವನ್ನು ಎಲ್ಲಿ ತೋರಿಸಿದ್ದಾರೆ.

"ಅರ್ಜಿ ಇಂಗ್ಲಿಷಿನಲ್ಲೇ ಬರೀಬೇಕಾ ಮೇಡಂ?" ಎಂದು ಕೇಳಿದರು. ಬೇಕಿಲ್ಲ ಎಂದೆ. ಕಟ್ಟಿಟ್ಟ ಪಾತ್ರೆಗಳ ಮೂಟೆಯ ಮೇಲೆ ಕಾಗದವಿಟ್ಟು ಹುಡುಗಿಯೇ ಬರೆದಳು, ನಾನು ಹೇಳುತ್ತಾ ಹೋದೆ. ಈ ಬಾರಿ ಆ ತಾಯಿ ಪೂರ್ತಿ ಓದಿಸಿ ಕೇಳಿಕೊಂಡು ಸಹಿ ಹಾಕಿದರು. ನಕಲಿನ ಮೇಲೆ ಬ್ಯಾಂಕಿನ ಮೊಹರು ಹಾಕಿಸಿಕೊಂಡು ಬನ್ನಿ ಎಂದು ಹೇಳಿ ಹೊರಟೆ.