ನಪಾಸಾದ ಹುಡುಗ ನಾಪತ್ತೆ ಆಗಬೇಕಿಲ್ಲ

ಕಣಗಲಾ ಸ್ಟ್ಯಾಂಡಿನಲ್ಲಿ ಮುಂಜಾನೆ ಸಂಕೇಶ್ವರದ ಬಸ್ಸಿಗೆ ಕಾಯುವ ಮಂದಿ ಕೇಳುವ ಪ್ರಶ್ನೆಗಳು ಎರಡೇ. ಒಂದು, "ಬಸ್ ಹೋತೇನ್ರಿ?" ಇನ್ನೊಂದು, "ಮಗಾ ಪಾಸಾದ್ನೇನ್ರಿ?" ಮೊದಲನೆಯದಕ್ಕೆ ಯಾರಾದರೂ ಉತ್ತರ ಕೊಡುತ್ತಾರೆ. ಎರಡನೆಯದನ್ನು ಕೇಳಿಸಿಕೊಂಡ ಅಪ್ಪ ಮಾತ್ರ ಹೆದ್ದಾರಿ ಕಡೆ ಮುಖ ತಿರುಗಿಸಿ, ಬರದ ಬಸ್ಸನ್ನು ನೋಡುತ್ತ ನಿಲ್ಲುತ್ತಾನೆ.

ಮಾತು ಹತ್ತನೇ ಇಯತ್ತೆಯದಲ್ಲ. ಸಿ.ಎ. ಪರೀಕ್ಷೆಯದು. ಕಣಗಲಾ, ಸಂಕೇಶ್ವರ, ಹುಕ್ಕೇರಿ ಕಡೆಯ ಅಂಗಡಿಕಾರರಿಗೆ ಸಿ.ಎ. ಎಂಬ ಎರಡಕ್ಷರದ ಮೇಲೆ ಮೊದಲಿನಿಂದಲೂ ಭಕ್ತಿ. 2017 ರ ಜುಲೈ 1 ರಂದು ಜಿಎಸ್‌ಟಿ ಬಂದ ಮೇಲಂತೂ ಕೇಳಲೇಬೇಡಿ. ಮಗ ಬಿ.ಕಾಂ. ಮುಗಿಸಿದನೋ ಇಲ್ಲವೋ, ಬೆಳಗಾವಿಗೋ ಕೊಲ್ಹಾಪುರಕ್ಕೋ ಪುಣೆಗೋ ಕ್ಲಾಸಿಗೆ ಕಳಿಸಿ, "ನಮ್ಮಾಂವ ಸಿ.ಎ. ಮಾಡಾಕತ್ಯಾನ" ಎಂದು ಗಿರಾಕಿಗಳ ಮುಂದೆ ಹೇಳಿದ್ದೇ ಹೇಳಿದ್ದು. ಆಮೇಲೆ ಫಲಿತಾಂಶ ಬರುತ್ತದೆ. ನಪಾಸು. ಮತ್ತೆ ಕಟ್ಟುತ್ತಾನೆ. ಮತ್ತೆ ನಪಾಸು. ಮೂರನೇ ಸಲಕ್ಕೆ ಹುಡುಗ ಊರ ಜಾತ್ರೆಗೆ ಬರುವುದನ್ನು ಬಿಡುತ್ತಾನೆ. ಬೀಗರ ಲಗ್ನಕ್ಕೂ ಇಲ್ಲ. ಬಂದರೆ ರಾತ್ರಿ ಕಡೇ ಬಸ್ಸಿಗೆ, ಹೋದರೆ ನಸುಕಿನ ಬಸ್ಸಿಗೆ. ಕಳವು ಮಾಡಿದವನೂ ಇಷ್ಟು ಅಡಗಿ ತಿರುಗಲಿಕ್ಕಿಲ್ಲ!

ಹಾಗಾದರೆ ಇವನು ಮಾಡಿದ ತಪ್ಪೇನು? ವ್ಯಾಪಾರಿಗಳಿಗೆ ಲೆಕ್ಕ ಬರುತ್ತದೆ. ಲೆಕ್ಕದಲ್ಲೇ ನೋಡಬಹುದು.

ಸಿ.ಎ. ಫೈನಲ್ ಪರೀಕ್ಷೆಗೆ ಈಗ ಎರಡು ಗ್ರೂಪು, ಗ್ರೂಪಿಗೆ ಮೂರು ಪೇಪರು, ಪೇಪರಿಗೆ 100 ಅಂಕ. ಒಂದೊಂದು ಪೇಪರಿನಲ್ಲೂ 40 ಬರಬೇಕು. ಮೂರೂ ಕೂಡಿ 150 ಆಗಬೇಕು. ಒಬ್ಬ ಹುಡುಗನಿಗೆ 55, 58, 39 ಬಂತೆನ್ನಿ. ಕೂಡಿದರೆ 152. ಮೊತ್ತ ದಾಟಿತು, ಆದರೆ ಒಂದು ಪೇಪರಿನಲ್ಲಿ ಒಂದೇ ಅಂಕ ಕಡಿಮೆ. ಆದ್ದರಿಂದ ಇಡೀ ಗ್ರೂಪು ಹೋಯಿತು. ಮೂರೂ ಪೇಪರು ಮತ್ತೆ ಬರೆಯಬೇಕು. 60 ಬಂದ ಪೇಪರಿದ್ದರೆ ಅದಕ್ಕೆ ಮುಂದಿನ ಮೂರು ಸಲ ವಿನಾಯಿತಿ ಸಿಗುತ್ತದೆ. ಈ ಹುಡುಗನ 58 ಕ್ಕೆ ಅದೂ ಇಲ್ಲ. ಇನ್ನೊಬ್ಬನಿಗೆ 48, 49, 50. ಯಾವುದರಲ್ಲೂ 40 ಕ್ಕೆ ಕಡಿಮೆ ಇಲ್ಲ, ಆದರೆ ಕೂಡಿದರೆ 147. ಇವನೂ ನಪಾಸು. ಇಂಟರ್ ಪರೀಕ್ಷೆಗೂ ಇದೇ ಕಾಯ್ದೆ. ಸ್ಟ್ಯಾಂಡಿನಲ್ಲಿ "ಹೋದ ಸಲಾನೂ ಹೋತು, ಈ ಸಲಾನೂ ಹೋತು" ಎನ್ನುವವರಿಗೆ ಈ ಒಂದು ಅಂಕ, ಮೂರು ಅಂಕದ ಕಥೆ ಗೊತ್ತಿರುವುದಿಲ್ಲ. ಹುಡುಗ ಹೇಳುವುದಿಲ್ಲ. ಹೇಳಿದರೆ ನೆವ ಅನ್ನುತ್ತಾರೆಂಬ ಅಂಜಿಕೆ.

ಇನ್ನು ದೇಶದ ಲೆಕ್ಕ. 2023 ರ ನವೆಂಬರ್ ಫೈನಲ್ ಪರೀಕ್ಷೆಯಲ್ಲಿ ಎರಡೂ ಗ್ರೂಪು ಒಟ್ಟಿಗೆ ಬರೆದವರು 32,907 ಮಂದಿ. ಎರಡನ್ನೂ ದಾಟಿದವರು 3,099. ಅಂದರೆ ನೂರಕ್ಕೆ ಹತ್ತು ಮಂದಿಯೂ ಇಲ್ಲ. ಮುಂದೆ 2024 ರ ಮೇ ತಿಂಗಳಲ್ಲಿ ಪೇಪರು ಎಂಟರಿಂದ ಆರಕ್ಕೆ ಇಳಿದವು. ಹೊಸ ಪದ್ಧತಿ ಬಂತು. ಆಗ ನೂರಕ್ಕೆ ಸುಮಾರು 20 ಮಂದಿ ಪಾಸು. ಅದೇ ವರ್ಷದ ನವೆಂಬರಿನಲ್ಲಿ ಮತ್ತೆ 13 ಕ್ಕೆ ಇಳಿಯಿತು. ದೇಶದ ಹುಡುಗರ ಬುದ್ಧಿ ಆರು ತಿಂಗಳಲ್ಲಿ ಇಮ್ಮಡಿ ಆಗಿ, ಮುಂದಿನ ಆರು ತಿಂಗಳಲ್ಲಿ ಕರಗಿ ಹೋಯಿತೇ? ನೂರಕ್ಕೆ ಎಂಬತ್ತು, ತೊಂಬತ್ತು ಮಂದಿ ಎಡವುವ ಹೊಸ್ತಿಲಲ್ಲಿ ಒಬ್ಬ ಎಡವಿದರೆ ಅವನನ್ನು ದಡ್ಡ ಅನ್ನುವವರು ದಡ್ಡರು.

ಭಾಷೆಯದೂ ಒಂದು ಪೆಟ್ಟಿದೆ. ಈ ಪರೀಕ್ಷೆಯನ್ನು ಇಂಗ್ಲಿಷಿನಲ್ಲಿ ಬರೆಯಬಹುದು, ಹಿಂದಿಯಲ್ಲಿ ಬರೆಯಬಹುದು. ಕನ್ನಡದಲ್ಲಿ ಬರೆಯುವಂತಿಲ್ಲ. ಹಿಂದಿ ನಾಡಿನ ಹುಡುಗನಿಗೆ ಮನೆಭಾಷೆ ಇದೆ, ಹುಕ್ಕೇರಿ ತಾಲೂಕಿನ ಕನ್ನಡ ಶಾಲೆಯ ಹುಡುಗನಿಗೆ ಇಲ್ಲ. ಜಮಾ ಖರ್ಚು ಬಾಯಿಲೆಕ್ಕದಲ್ಲೇ ಹೇಳುವವನು ಕಾಯ್ದೆ ಪೇಪರಿನ ಇಂಗ್ಲಿಷ್ ವಾಕ್ಯದಲ್ಲಿ ಸಿಕ್ಕಿಬೀಳುತ್ತಾನೆ. ಎಸ್.ಎಸ್.ಸಿ.ಯ ಎಂ.ಟಿ.ಎಸ್. ನೌಕರಿ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವ ನಿರ್ಧಾರವನ್ನು ಕೇಂದ್ರ ಸರಕಾರ 2023 ರಲ್ಲಿ ಮಾಡಿತು. 1949 ರ ಕಾಯ್ದೆಯಿಂದ ಹುಟ್ಟಿದ ದಿಲ್ಲಿಯ ಸಿ.ಎ. ಇನ್‌ಸ್ಟಿಟ್ಯೂಟಿಗೆ ಇದು ಯಾಕೆ ಆಗಬಾರದು? ಜಿಲ್ಲೆಯ ಎಂ.ಪಿ. ಸಾಹೇಬರು ಲೋಕಸಭೆಯಲ್ಲಿ ಒಂದು ಪ್ರಶ್ನೆ ಹಾಕಿದರೆ ಅವರ ಗಂಟೇನೂ ಹೋಗುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹುಡುಗರಿಗೂ ಒಂದು ಮಾತು. ಎಲ್ಲ ತಪ್ಪೂ ಪರೀಕ್ಷೆಯದೇ ಅಲ್ಲ. ನಪಾಸಾದ ಕೂಡಲೇ ಹೊಸ ಕ್ಲಾಸಿಗೆ ಫೀ ತುಂಬಲು ಓಡುವವರು ಬಹಳ. ಹಳೇ ಉತ್ತರಪತ್ರಿಕೆ ತರಿಸಿ ಎಲ್ಲಿ ಅಂಕ ಹೋಯಿತು ಎಂದು ನೋಡುವವರು ಕಡಿಮೆ. ಫಲಿತಾಂಶ ಬಂದ ತಿಂಗಳೊಳಗೆ ಅರ್ಜಿ ಹಾಕಿದರೆ ಉತ್ತರಪತ್ರಿಕೆಯ ಪ್ರತಿ ಸಿಗುತ್ತದೆ. ಮರುಮೌಲ್ಯಮಾಪನ ಇಲ್ಲ ನಿಜ, ಆದರೆ ತನ್ನ ತಪ್ಪು ತನ್ನ ಕಣ್ಣಿಗೆ ಬೀಳುತ್ತದೆ. ಉದ್ರಿ ಯಾರ ಕಡೆ ಉಳಿದಿದೆ ಎಂದು ವಹಿ ನೋಡದೆ ವಸೂಲಿಗೆ ಹೊರಟ ಸಾಹುಕಾರನಿದ್ದಾನೆಯೇ?

ಮನೆಯವರದು ಬೇರೆಯೇ ಚಟ. ಒಂದು ಮನೆಯಲ್ಲಿ "ಇನ್ನ ಸಾಕು, ಅಂಗಡ್ಯಾಗ ಕೂಡು" ಎಂದು ಎರಡನೇ ಸಲಕ್ಕೇ ತೀರ್ಪು. ಇನ್ನೊಂದು ಮನೆಯಲ್ಲಿ ಎಂಟು ವರ್ಷವಾದರೂ "ಆಗತೈತಿ ತಗೋ" ಎಂಬ ಜಪ. ಎರಡೂ ಸರಿಯಲ್ಲ. ಹೆಣ್ಣುಮಗಳಾದರೆ ಕೇಳುವುದೇ ಬೇಡ. ಎರಡನೇ ನಪಾಸಿಗೆ ವರನ ಕಡೆಯವರು ಬಂದು ಚಾ ಕುಡಿದು ಹೋಗಿರುತ್ತಾರೆ. ಅಪ್ಪ, ಮಗ, ಮಗಳು ಒಂದು ದಿನ ಕೂತು ಮಾತಾಡಬೇಕು: ಇನ್ನೆಷ್ಟು ಸಲ, ಯಾವ ಖರ್ಚಿನಲ್ಲಿ, ನಡುವೆ ಯಾವ ಕೆಲಸ. 2024 ರಲ್ಲಿ ಇಂಟರ್‌ಗೆ, 2025 ರಲ್ಲಿ ಫೈನಲ್‌ಗೆ ವರ್ಷಕ್ಕೆ ಮೂರು ಸಲ ನಡೆಸುವ ಪದ್ಧತಿ ಬಂತು. ಕರ್ನಾಟಕ ಸರಕಾರವೂ 2024 ರಲ್ಲಿ ಎಸ್.ಎಸ್.ಎಲ್.ಸಿ.ಗೆ ವರ್ಷಕ್ಕೆ ಮೂರು ಪರೀಕ್ಷೆ ತಂದಿತು. ದಿಲ್ಲಿ ಮೂರು ಅವಕಾಶ ಕೊಟ್ಟಿತು, ಬೆಂಗಳೂರು ಮೂರು ಅವಕಾಶ ಕೊಟ್ಟಿತು. ಮನೆಯ ಕಟ್ಟೆ ಮಾತ್ರ ಇನ್ನೂ ಒಂದರಲ್ಲೇ ನಿಂತಿದೆ.

ನಡುವೆ ಕೆಲಸ ಎಂದರೆ ಮೂಗು ಮುರಿಯುವವರಿದ್ದಾರೆ. ಗಣಿತಜ್ಞ ರಾಮಾನುಜನ್ ಕಾಲೇಜು ಪರೀಕ್ಷೆಯಲ್ಲಿ ಮೇಲಿಂದ ಮೇಲೆ ನಪಾಸಾದ ಕಥೆಯನ್ನು ಮಾಸ್ತರರೆಲ್ಲ ಹೇಳುತ್ತಾರೆ. ನಪಾಸಾದವರೆಲ್ಲ ರಾಮಾನುಜನ್ ಆಗುವುದಿಲ್ಲ, ಅದು ಬೇರೆ ಮಾತು. ಮಾಸ್ತರರು ಹೇಳದೆ ಬಿಡುವ ಭಾಗ ಇದು: 1912 ರಲ್ಲಿ ಅವರು ಮದ್ರಾಸಿನ ಪೋರ್ಟ್ ಟ್ರಸ್ಟಿನಲ್ಲಿ ಲೆಕ್ಕದ ಗುಮಾಸ್ತರಾಗಿ ತಿಂಗಳಿಗೆ 30 ರೂಪಾಯಿ ಪಗಾರಕ್ಕೆ ಸೇರಿದರು. ಆ ಖುರ್ಚಿಯ ಮೇಲೆ ಇದ್ದುಕೊಂಡೇ 1913 ರಲ್ಲಿ ಕೇಂಬ್ರಿಜಿನ ಹಾರ್ಡಿಗೆ ಕಾಗದ ಬರೆದರು. ವಿಮಾ ಕಂಪನಿಗಳ ಪ್ರೀಮಿಯಂ ಲೆಕ್ಕ ಹಾಕುವ ಆಕ್ಚುವರಿಗಳ ಪರೀಕ್ಷೆಯಲ್ಲೂ ಹತ್ತಕ್ಕೂ ಹೆಚ್ಚು ಪೇಪರು. ಅಲ್ಲಿ ಪಾಸಾದ ಪೇಪರು ಪಾಸಾಗಿಯೇ ಉಳಿಯುತ್ತದೆ. ಬಹಳ ಮಂದಿ ಹಗಲು ಕಂಪನಿಯಲ್ಲಿ ದುಡಿಯುತ್ತ, ರಾತ್ರಿ ಓದುತ್ತ, ವರ್ಷಗಟ್ಟಲೆ ಒಂದೊಂದಾಗಿ ಮುಗಿಸುತ್ತಾರೆ. ಅವರನ್ನು ಯಾರೂ ನಿರುದ್ಯೋಗಿ ಅನ್ನುವುದಿಲ್ಲ.

ಕಣಗಲಾದಲ್ಲಿ ಕೆಲಸಕ್ಕೆ ಬರವೇ? ತಿಂಗಳ 20 ನೇ ತಾರೀಖು ಹತ್ತಿರ ಬಂತೆಂದರೆ ಅಂಗಡಿಯವರು ಜಿಎಸ್‌ಟಿ ಕಾಗದ ಚೀಲಕ್ಕೆ ತುಂಬಿಕೊಂಡು ಸಂಕೇಶ್ವರಕ್ಕೋ ನಿಪ್ಪಾಣಿಗೋ ಓಡುತ್ತಾರೆ. ಇಂಟರ್ ಪಾಸಾಗಿ ಫೈನಲ್‌ನಲ್ಲಿ ನಿಂತ ಹುಡುಗ ಮಗ್ಗುಲ ಓಣಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿರುತ್ತಾನೆ. ಅವನಿಗೆ ಆ ಕಾಗದ ಕಣ್ಣು ಮುಚ್ಚಿ ಓದಲು ಬರುತ್ತದೆ. ಬಿ.ಕಾಂ. ಆದವನು ಹೆಸರು ನೋಂದಾಯಿಸಿ ಅದಕ್ಕಿರುವ ಪರೀಕ್ಷೆ ಪಾಸು ಮಾಡಿದರೆ ಜಿಎಸ್‌ಟಿ ಪ್ರಾಕ್ಟೀಷನರ್ ಆಗಿ ಕಾಯ್ದೆ ಪ್ರಕಾರವೇ ಈ ಕೆಲಸ ಮಾಡಬಹುದು. ಅಂಗಡಿಯವರು ಅವನನ್ನು ಕರೆಯುವುದಿಲ್ಲ, ಯಾಕೆಂದರೆ ಅವನು ನಪಾಸು. ಅವನು ತಾನಾಗಿ ಬರುವುದಿಲ್ಲ, ಯಾಕೆಂದರೆ ಕಾಗದ ನೋಡುವ ಮೊದಲೇ ಕಾಕಾ ಒಬ್ಬರು "ಏನಾತೋ ನಿಂದು?" ಅನ್ನುತ್ತಾರೆ.

ಬಾಗಿಲು ಹಾಕಿಕೊಂಡ ಹುಡುಗ ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, "ನಾ ಇದ್ದು ಏನ ಮಾಡ್ಲಿ" ಎಂದರೆ ಅದನ್ನು ನಖರಾ ಎಂದು ತಳ್ಳಿಹಾಕುವಂತಿಲ್ಲ. ಅವನ ಮಗ್ಗುಲಿಗೆ ಯಾರಾದರೂ ಕೂಡಬೇಕು, ಒಬ್ಬನನ್ನೇ ಬಿಡಬಾರದು. 2022 ರಲ್ಲಿ ಶುರುವಾದ ಸರಕಾರದ ಟೆಲಿ ಮಾನಸ್ ಫೋನು 14416. ಹಗಲು ರಾತ್ರಿ ನಡೆಯುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹುಡುಗನೇ ಮಾಡಬೇಕೆಂದಿಲ್ಲ, ಅಪ್ಪನೂ ಮಾಡಬಹುದು. ಅಂಗಡಿಯವರು ಕ್ಯಾಲೆಂಡರಿನ ಮಗ್ಗುಲಿಗೆ ಆ ನಂಬರು ಬರೆದಿಟ್ಟುಕೊಳ್ಳಲಿ. ಮುಂದಿನ 20 ನೇ ತಾರೀಖಿಗೆ ಕಾಗದದ ಚೀಲ ಹಿಡಿದು ಬಸ್ಸಿಗೆ ಓಡುವ ಮೊದಲು ಆ ಓಣಿಗೆ ಒಮ್ಮೆ ಹೋಗಿ, "ತಮ್ಮಾ, ಇದಿಷ್ಟು ನೋಡಿ ಕೊಡ್ತಿ ಏನು?" ಎಂದು ಕೇಳಲಿ. ಫಲಿತಾಂಶದ ಮಾತು ತೆಗೆಯುವುದು ಬೇಡ.