ಹಜಾರಕ್ಕೊಂದು ಸೋಫಾ

ದಸರೆಯ ಗೊಂಬೆಗಳು ಪೆಟ್ಟಿಗೆ ಸೇರಿ, ದೀಪಾವಳಿಗೆ ಇನ್ನೆರಡು ವಾರ ಇರುವಾಗ ಗೃಹಸ್ಥರ ಮನೆಗಳಲ್ಲಿ ಒಂದು ಬಗೆಯ ಅಸಮಾಧಾನ ತಲೆದೋರುತ್ತದೆ. ಗೊಂಬೆಯ ಮೆಟ್ಟಿಲುಗಳನ್ನು ಬಿಚ್ಚಿದ ಮೂಲೆ ಬೋಳಾಗಿ ಕಾಣುತ್ತದೆ. ಗೋಡೆಗೆ ತಲೆಯೊರಗಿಸಿ ಆದ ಎಣ್ಣೆಯ ಕಲೆ, ಕಿಟಕಿಯ ಪರದೆಯ ಮಾಸಿದ ಅಂಚು, ಸೋಫಾದ ನಡುವೆ ಬಿದ್ದಿರುವ ಗುಳಿ, ಇವೆಲ್ಲ ವರ್ಷವಿಡೀ ಅಲ್ಲಿಯೇ ಇದ್ದರೂ ಆ ವಾರದಲ್ಲಿಯೇ ಕಣ್ಣಿಗೆ ಬೀಳುತ್ತವೆ. "ಈ ಸಲ ಹಜಾರವನ್ನು ಸರಿಪಡಿಸಲೇಬೇಕು" ಎಂದು ಗೃಹಿಣಿ ನಿಶ್ಚಯಿಸುತ್ತಾಳೆ, "ಎಷ್ಟಾಗುತ್ತದೆ?" ಎಂದು ಯಜಮಾನರು ಕೇಳುತ್ತಾರೆ. ಈ ಎರಡು ಮಾತುಗಳ ನಡುವಣ ಅಂತರವೇ ಮಧ್ಯಮ ವರ್ಗದ ಸಂಸಾರದ ಅರ್ಥಶಾಸ್ತ್ರ.

ನಮ್ಮ ಮನೆಯಲ್ಲಿಯೂ ಈ ಸಂಭಾಷಣೆ ನಡೆಯಿತು. ಬಹಳ ಚರ್ಚೆಯಾದ ಮೇಲೆ ಮೂವತ್ತು ಸಾವಿರ ರೂಪಾಯಿಗಳ ಮಿತಿ ಗೊತ್ತಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಮ್ಮ ಹಿರಿಯರು ಸೋಫಾ ಕೊಳ್ಳುವವರಿಗೆಂದೇ ಹೇಳಿದಂತಿದೆ. ಆದರೆ ಈ ಬಾರಿ ನಾನು ಅಂಗಡಿಗೆ ಹೊರಡುವ ಮೊದಲು ಹಿಂದಿನ ಸಲದ ತಪ್ಪನ್ನು ನೆನಪಿಗೆ ತಂದುಕೊಂಡೆ. ಅದನ್ನು ಇಲ್ಲಿ ಬರೆಯಲು ಸಂಕೋಚವಾದರೂ, ನಾಲ್ವರಿಗೆ ಉಪಯೋಗವಾದೀತೆಂಬ ಆಸೆಯಿಂದ ಬರೆಯುತ್ತಿದ್ದೇನೆ.

ಏಳು ವರ್ಷಗಳ ಹಿಂದೆ ಬೆಂಗಳೂರಿನ ದೊಡ್ಡ ಅಂಗಡಿಯೊಂದರಲ್ಲಿ ಕಾಫಿಯ ಬಣ್ಣದ ಸೋಫಾ ಒಂದನ್ನು ಕಂಡು ಮರುಳಾದೆವು. ನೆಲಕ್ಕೆ ಹತ್ತಿಕೊಂಡಂತೆ ತಗ್ಗಾದ ಪೀಠ, ಕೈಯಿಟ್ಟರೆ ಮುಳುಗುವ ಮೆತ್ತೆ, ಚರ್ಮದಂತೆ ಹೊಳೆಯುವ ಹೊದಿಕೆ. ಬೆಲೆ ನಲವತ್ತೆರಡು ಸಾವಿರ. ನಾವು ಹಿಂದೆಗೆದುದನ್ನು ಕಂಡು ಮಾರಾಟದ ಯುವಕನು, "ಬಡ್ಡಿಯಿಲ್ಲದ ಹನ್ನೆರಡು ಕಂತು ಇದೆ ಅಮ್ಮಾ" ಎಂದನು. ಬಡ್ಡಿಯಿಲ್ಲವೆಂದ ಮೇಲೆ ಇನ್ನೇನು! ಅದೇ ಸೋಫಾಕ್ಕೆ ನಗದು ಕೊಟ್ಟವರಿಗೆ ಮೂರು ಸಾವಿರ ಕಡಿಮೆಯೆಂಬುದೂ, ಕಂತಿನವರಿಗೆ ಸೇವಾಶುಲ್ಕವೊಂದು ಬೇರೆಯಾಗಿ ಬೀಳುವುದೂ ಆಮೇಲೆ ತಿಳಿಯಿತು. ಶೂನ್ಯ ಬಡ್ಡಿಯೆಂಬ ಪರಿಕಲ್ಪನೆಯೇ ಇಲ್ಲವೆಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿಯೇ ಬ್ಯಾಂಕುಗಳಿಗೆ ಸೂಚನೆ ಕಳುಹಿಸಿತ್ತು. ನಾವು ಅದನ್ನು ತಿಳಿದಿದ್ದರೆ ಕನಿಷ್ಠ ನಗದು ಬೆಲೆಯನ್ನಾದರೂ ಕೇಳುತ್ತಿದ್ದೆವು.

ಮೂರನೆಯ ಮಳೆಗಾಲಕ್ಕೆ ಆ ಹೊದಿಕೆ ಈರುಳ್ಳಿಯ ಸಿಪ್ಪೆಯಂತೆ ಏಳತೊಡಗಿತು. ಕುಳಿತೆದ್ದವರ ಬಟ್ಟೆಗೆಲ್ಲ ಕಂದು ಚೂರುಗಳು. ಚರ್ಮದಂತೆ ಕಾಣುವ ಇಂತಹ ಹೊದಿಕೆಗಳಲ್ಲಿ ಅನೇಕವು ಬಟ್ಟೆಯ ಮೇಲೆ ಬಳಿದ ಪಾಲಿಯುರಿಥೇನ್ ಎಂಬ ಪ್ಲಾಸ್ಟಿಕ್ಕಿನ ತೆಳುಪದರ. ಗಾಳಿಯ ತೇವ, ಶಾಖ, ಮೈಬೆವರು ಸೇರಿ ಆ ಪದರವನ್ನು ಒಳಗೊಳಗೇ ಶಿಥಿಲಗೊಳಿಸುತ್ತವೆ. ಒಮ್ಮೆ ಸುಲಿಯಲಾರಂಭಿಸಿದರೆ ಅದಕ್ಕೆ ಮದ್ದಿಲ್ಲ, ಹೊದಿಕೆಯನ್ನೇ ಬದಲಾಯಿಸಬೇಕು.

ಇದು ಹಣದ ನಷ್ಟ. ಇನ್ನೊಂದು ನಷ್ಟ ನಮ್ಮ ಗಮನಕ್ಕೆ ಬಂದುದು ಈಚೆಗೆ, ಹೊಸ ಸೋಫಾಕ್ಕಾಗಿ ಅಳತೆಯ ಪಟ್ಟಿ ಹಿಡಿದು ಹಜಾರದಲ್ಲಿ ನಿಂತಾಗ.

ನಮ್ಮ ಅತ್ತೆಯವರಿಗೆ ಎಪ್ಪತ್ತೆಂಟು ವರ್ಷ. ಅಡಿಗೆಮನೆಯ ಬಾಗಿಲ ಬಳಿ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಹೂ ಕಟ್ಟುವುದು, ಪತ್ರಿಕೆ ಓದುವುದು ಅವರ ಪದ್ಧತಿ. ಅದು ಅವರ ಇಷ್ಟದ ಜಾಗವೆಂದೇ ನಾವೆಲ್ಲ ಭಾವಿಸಿದ್ದೆವು. ಬಂಧುಗಳು ಬಂದಾಗಲೂ ಅವರು ಅಲ್ಲಿಂದಲೇ ಮಾತನಾಡುವರು. ಅಂದು ನಾನು, "ಅಮ್ಮಾ, ಸೋಫಾ ಯಾವ ಬಣ್ಣದ್ದು ತರೋಣ?" ಎಂದು ಕೇಳಿದೆ. ಅವರು ದಾರವನ್ನು ಎಳೆಯುತ್ತಲೇ, "ಬಣ್ಣ ಯಾವುದಾದರೂ ತಾರಮ್ಮ. ಎದ್ದು ಬರೋ ಹಾಗಿರೋದು ತಾ" ಎಂದರು.

ಏಳು ವರ್ಷಗಳಿಂದ ಅವರು ಹಜಾರದಲ್ಲಿ ಕುಳಿತಿರಲಿಲ್ಲ. ಆ ತಗ್ಗಾದ ಮೆತ್ತೆಯಲ್ಲಿ ಒಮ್ಮೆ ಕುಳಿತರೆ ಮಂಡಿನೋವಿನವರಿಗೆ ಎದ್ದೇಳಲಾಗದು. ಮೊದಲೆರಡು ಸಲ ಮೊಮ್ಮಗ ಕೈಹಿಡಿದು ಎಬ್ಬಿಸಿದ್ದನಂತೆ. ಬಂದವರ ಎದುರಿಗೆ ಹಾಗೆ ಎಬ್ಬಿಸಿಕೊಳ್ಳುವುದು ಬೇಡವೆಂದು ಅವರು ಪ್ಲಾಸ್ಟಿಕ್ ಕುರ್ಚಿಗೆ ಹೋದರು. ಯಾರೊಡನೆಯೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ತಿಂಗಳಿಗೊಮ್ಮೆ ಬರುವ ಅತಿಥಿಗಳಿಗಾಗಿ ಸೋಫಾ ತಂದು, ದಿನವೂ ಮನೆಯಲ್ಲಿರುವವರನ್ನು ಹಜಾರದಿಂದ ಹೊರಗೆ ಕಳುಹಿಸಿದ್ದೆವು.

ಆ ಸಂಜೆ ಯಜಮಾನರೂ ನಾನೂ ಬಹಳ ಹೊತ್ತು ಮಾತನಾಡಲಿಲ್ಲ. ಬಳಿಕ ಅಳತೆಯ ಪಟ್ಟಿಯನ್ನು ಗೋಡೆಗೆ ಹಿಡಿಯುವುದನ್ನು ಬಿಟ್ಟು ಮನುಷ್ಯರಿಗೆ ಹಿಡಿದೆವು. ಚಪ್ಪಟೆಯಾಗಿ ಪಾದವೂರಿ ಕುಳಿತಾಗ ನೆಲದಿಂದ ಮಂಡಿಯ ಹಿಂಭಾಗದವರೆಗೆ ಎಷ್ಟು ಎತ್ತರವೋ, ಪೀಠವೂ ಸುಮಾರಾಗಿ ಅಷ್ಟೇ ಎತ್ತರವಿರಬೇಕು. ಪೀಠ ಅದಕ್ಕಿಂತ ತಗ್ಗಾದರೆ ಸೊಂಟವು ಮಂಡಿಗಿಂತ ಕೆಳಗಿಳಿದು, ಏಳುವಾಗ ದೇಹದ ಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಸಾಮಾನ್ಯವಾಗಿ 17ರಿಂದ 18 ಅಂಗುಲದ ಎತ್ತರ ಬಹುಮಂದಿಗೆ ಒಪ್ಪುತ್ತದೆ; ವೃದ್ಧರಿಗೆ ಒಂದಂಗುಲ ಹೆಚ್ಚಾದರೂ ಅನುಕೂಲವೇ. ಪೀಠದ ಆಳ 20ರಿಂದ 22 ಅಂಗುಲ ಸಾಕು. ಅದಕ್ಕಿಂತ ಆಳವಾದರೆ ಗಿಡ್ಡನೆಯವರ ಬೆನ್ನು ಒರಗಿಗೆ ತಾಗುವುದಿಲ್ಲ, ತಾಗಿಸಿದರೆ ಪಾದ ನೆಲಕ್ಕೆ ಮುಟ್ಟುವುದಿಲ್ಲ. ಕೈಯೂರಿ ಏಳಲು ಗಟ್ಟಿಯಾದ ತೋಳುಗಳಿರಬೇಕು. ಮೆತ್ತೆ ತೀರ ಮೃದುವಾಗಿರಬಾರದು. ಅಂಗಡಿಯಲ್ಲಿ 18 ಅಂಗುಲವಿದ್ದುದು ಕುಳಿತಾಗ ಕುಗ್ಗಿ 14ಕ್ಕಿಳಿದರೆ ಅಳತೆ ಮಾಡಿ ಪ್ರಯೋಜನವೇನು? ಆದುದರಿಂದ ಮನೆಯ ಹಿರಿಯರನ್ನು ಅಂಗಡಿಗೆ ಕರೆದೊಯ್ದು ಹತ್ತು ನಿಮಿಷ ಕೂರಿಸುವುದು ಎಲ್ಲಕ್ಕಿಂತ ನಂಬಿಕೆಯ ಪರೀಕ್ಷೆ.

ಆಮೇಲೆ ಅಂಗಡಿಗಳ ಪ್ರದಕ್ಷಿಣೆ. ನಾವು ನೋಡಿದೆಡೆ, ನಮ್ಮ ಮಿತಿಯೊಳಗೆ ದೊರೆಯುವ ಹೊಸ ಸೋಫಾಗಳಲ್ಲಿ ಹೆಚ್ಚಿನವುಗಳ ಒಳಚೌಕಟ್ಟು ಮರದ ಪುಡಿಯನ್ನು ಅಂಟಿನೊಡನೆ ಒತ್ತಿ ಮಾಡಿದ ಹಲಗೆಯದು. ನೀರು ತಗುಲಿದರೆ ಅದು ಉಬ್ಬುತ್ತದೆ. ಮೊಳೆಯೂ ಬಹುಕಾಲ ಹಿಡಿಯದು. ಸೋಫಾದ ಒಂದು ತುದಿಯ ಮುಂಗಾಲನ್ನು ಐದಾರು ಅಂಗುಲ ಎತ್ತಿ ನೋಡಿರಿ: ಚೌಕಟ್ಟು ಗಟ್ಟಿಯಾಗಿದ್ದರೆ ಪಕ್ಕದ ಕಾಲೂ ಕೂಡಲೆ ಮೇಲೇಳುತ್ತದೆ, ಅದು ನೆಲದಲ್ಲಿಯೇ ಉಳಿದು ಚೌಕಟ್ಟು ತಿರುಚಿಕೊಂಡರೆ ಆ ಸೋಫಾ ಬೇಡ. ಮೆತ್ತೆಯ ವಿಷಯದಲ್ಲಿ ಅಂಗಡಿಯವರು "ನಲವತ್ತು ಡೆನ್ಸಿಟಿ" ಎನ್ನುತ್ತಾರೆ. ಒಂದು ಘನಮೀಟರ್ ಫೋಮು ನಲವತ್ತು ಕಿಲೋಗ್ರಾಂ ತೂಗುತ್ತದೆಂದು ಅದರ ಅರ್ಥ. ನಿತ್ಯ ಬಳಸುವ ಪೀಠಕ್ಕೆ 32ಕ್ಕಿಂತ ಕಡಿಮೆಯದು ಬೇಗ ಗುಳಿ ಬೀಳುತ್ತದೆ, 40ರದು ಬಾಳುತ್ತದೆ. ತೆಂಗಿನ ನಾರಿಗೆ ರಬ್ಬರಿನ ಹಾಲು ಲೇಪಿಸಿ ಮಾಡಿದ ಮೆತ್ತೆಯೂ ಉಂಟು. ಅದು ಗಡುಸು, ಆದರೆ ಗಾಳಿಯಾಡುತ್ತದೆ. ಅದರ ಮೇಲೆ ಎರಡಂಗುಲ ಫೋಮು ಹಾಕಿಸಿದರೆ ಗಟ್ಟಿತನವೂ ಸುಖವೂ ಒಟ್ಟಿಗೆ ಸಿಗುತ್ತವೆ. ಬೆಲೆ ಕೇಳುವಾಗ ತೆರಿಗೆ ಸೇರಿದೆಯೇ ಎಂಬುದನ್ನೂ ಸಾಗಣೆಯ ವೆಚ್ಚ ಯಾರದೆಂಬುದನ್ನೂ ಮೊದಲೇ ಕೇಳಿಕೊಳ್ಳಬೇಕು. ಮರದ ಪೀಠೋಪಕರಣಗಳಿಗೆ ಜಿ.ಎಸ್.ಟಿ. ಶೇಕಡ 18. ಇಪ್ಪತ್ತೈದು ಸಾವಿರವೆಂದು ಕೊಂಡದ್ದು ತೆರಿಗೆ ಸೇರಿ ಇಪ್ಪತ್ತೊಂಬತ್ತೂವರೆ ಸಾವಿರವಾದರೆ ಗೋಡೆಗೆ ಬಣ್ಣವೆಲ್ಲಿಂದ ಬರಬೇಕು?

ಎರಡು ಭಾನುವಾರ ಹೀಗೆ ಅಲೆದು, ಮನಸ್ಸಿಗೆ ಒಪ್ಪುವುದು ಕೈಗೆ ಎಟುಕದೆ, ಎಟುಕುವುದು ಮನಸ್ಸಿಗೆ ಒಪ್ಪದೆ ಮನೆಗೆ ಬಂದೆವು. ಆಗ ಅತ್ತೆಯವರೇ, "ಹಿತ್ತಲ ವರಾಂಡದಲ್ಲಿ ಆ ಬೆಂಚು ಇದೆಯಲ್ಲ" ಎಂದರು. ಮಾವನವರ ಕಾಲದ ಒರಗುಬೆಂಚು ಅದು. ಹಲಸಿನ ಮರದ್ದು, ಆರಡಿ ಉದ್ದ. ಅದರ ಮೇಲೆ ಹಳೆಯ ಪತ್ರಿಕೆಗಳನ್ನೂ ಖಾಲಿ ಡಬ್ಬಗಳನ್ನೂ ಪೇರಿಸಿದ್ದೆವು. ಹಲಸಿನ ಮರಕ್ಕೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ. ಹೊಸದರಲ್ಲಿ ಹಳದಿಯಾಗಿದ್ದು ಕಾಲಕ್ರಮದಲ್ಲಿ ಜೇನಿನ ಬಣ್ಣಕ್ಕೂ ಕಂದಿಗೂ ತಿರುಗುತ್ತದೆ. ಬಡಗಿಯು ಬಂದು ಎರಡು ಕೀಲುಗಳನ್ನು ಬಿಗಿಮಾಡಿ, ಉಜ್ಜಿ ಮೆರುಗು ಕೊಟ್ಟಾಗ ನಮ್ಮ ಕಣ್ಣನ್ನು ನಾವೇ ನಂಬದಾದೆವು. ಪೀಠದ ಎತ್ತರ 15 ಅಂಗುಲವಿತ್ತು. ನಾಲ್ಕಂಗುಲದ ಗಟ್ಟಿ ಮೆತ್ತೆ ಹಾಕಿಸಿದ ಮೇಲೆ, ಕುಳಿತಾಗ ಸರಿಯಾಗಿ 18ಕ್ಕೆ ನಿಂತಿತು.

ಹೊದಿಕೆಯ ಬಟ್ಟೆಗಾಗಿ ಚಿಕ್ಕಪೇಟೆಗೆ ಹೋದೆವು. ದಪ್ಪ ನೇಯ್ಗೆಯ ಹತ್ತಿಬಟ್ಟೆಯನ್ನೇ ಆರಿಸಿದೆವು. ಹೊದಿಕೆಗೆ ಜಿಪ್ಪು ಹಾಕಿಸಿ, ಬಿಚ್ಚಿ ಒಗೆಯುವಂತೆ ಹೊಲಿಸಿದೆವು. ಹೊಲಿಸುವ ಮೊದಲು ಬಟ್ಟೆಯನ್ನು ಒಮ್ಮೆ ನೀರಿನಲ್ಲಿ ನೆನೆಸಿ ಒಣಗಿಸುವುದನ್ನು ಮರೆಯಬಾರದು. ಇಲ್ಲವಾದರೆ ಮೊದಲ ಒಗೆತಕ್ಕೇ ಕುಗ್ಗಿ ಮೆತ್ತೆಗೆ ತೊಡಿಸಲಾಗದು. ಎದುರಿಗೆ ಹಳೆಯ ಸಾಮಾನಿನ ಅಂಗಡಿಯಿಂದ ತಂದ, ಬೆತ್ತ ಹೆಣೆದ ಎರಡು ತೋಳುಕುರ್ಚಿಗಳು. ಬೆತ್ತದ ಹೆಣಿಗೆ ಸಡಿಲವಾದರೆ ಮತ್ತೆ ಹೆಣೆಸಬಹುದು, ಕುರ್ಚಿಯನ್ನು ಎಸೆಯಬೇಕಾಗಿಲ್ಲ.

ಗೋಡೆಗಳಿಗೆ ನಾಲ್ಕು ಬಣ್ಣ ಬೇಡವೆಂದು ತೀರ್ಮಾನಿಸಿದೆವು. ನಮ್ಮ ಹಜಾರ ಹದಿನಾಲ್ಕಡಿಗೆ ಹನ್ನೊಂದಡಿ, ಕಿಟಕಿ ಒಂದೇ. ಇಂತಹ ಕೋಣೆಗೆ ಕೆನೆಬಣ್ಣ ಮೇಲು. ಇದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಸಾಮಾನುಗಳ ನಡುವೆ ಓಡಾಡಲು ಮೂವತ್ತಂಗುಲದ ದಾರಿ ಬಿಟ್ಟೆವು. ನೆಲಕ್ಕೆ ಹೊಸ ಕಾರ್ಪೆಟ್ಟು ತರಲಿಲ್ಲ. ಬೀರುವಿನಲ್ಲಿ ಮಡಿಸಿಟ್ಟಿದ್ದ ನವಲಗುಂದದ ಜಮಖಾನೆ ಹೊರಬಂದಿತು. ಧಾರವಾಡ ಜಿಲ್ಲೆಯ ಆ ಊರಿನಲ್ಲಿ ನವಿಲು, ಪಗಡೆಹಾಸುಗಳ ಚಿತ್ರವಿಟ್ಟು ಅವನ್ನು ನೇಯುತ್ತ ಬಂದವರು ಹೆಂಗಸರೇ. ನನ್ನ ಮದುವೆಯಲ್ಲಿ ಕೊಟ್ಟದ್ದು, ಹಳೆಯದಾಯಿತೆಂದು ಒಳಗಿಟ್ಟಿದ್ದೆ.

ಇನ್ನು ಲೆಕ್ಕ. ಬಣ್ಣಕ್ಕೂ ಬಣ್ಣದವನ ಕೂಲಿಗೂ 6,500 ರೂಪಾಯಿ. ಬೆಂಚಿನ ದುರಸ್ತಿ, ಮೆರುಗು 3,200. ಮೆತ್ತೆ, ಒರಗುದಿಂಬು, ಬಟ್ಟೆ, ಹೊಲಿಗೆ 5,400. ತೋಳುಕುರ್ಚಿ ಎರಡಕ್ಕೆ 9,000. ಕೈಮಗ್ಗದ ಪರದೆಗಳು 3,600. ಓದಲು ಒಂದು ಮೂಲೆದೀಪ 1,100. ಒಟ್ಟು 28,800. ಉಳಿದ ಸಾವಿರದ ಇನ್ನೂರನ್ನು ದೀಪಾವಳಿಯ ಸಿಹಿಗೆಂದು ಯಜಮಾನರು ಮಂಜೂರು ಮಾಡಿದರು.

ಎಲ್ಲರ ಮನೆಯಲ್ಲಿಯೂ ಹಲಸಿನ ಬೆಂಚು ಇರುವುದಿಲ್ಲವೆಂಬುದನ್ನು ಬಲ್ಲೆ. ಅಂಥವರು ಮೂರು ಮಂದಿ ಕೂರುವ ಒಂದೇ ಸೋಫಾವನ್ನು ಗಟ್ಟಿಯಾದುದನ್ನು ನೋಡಿ ಕೊಂಡು, ಉಳಿದುದಕ್ಕೆ ಕುರ್ಚಿಗಳನ್ನಿಡಲಿ. ಸೋಫಾದ ಪೂರ್ಣ ಜೊತೆಯೇ ಬೇಕೆಂಬ ಹಟದಿಂದ ಸಣ್ಣ ಹಜಾರಗಳು ಉಸಿರುಗಟ್ಟಿವೆ. ಸೋಫಾ ಎಂಬ ಶಬ್ದವಾದರೂ ಎಲ್ಲಿಯದು? ಅರಬ್ಬಿ ಭಾಷೆಯ ಸುಫ್ಫಾ ಎಂಬುದರಿಂದ ಬಂದುದು. ನೆಲಕ್ಕಿಂತ ಎತ್ತರವಾಗಿ ಕಟ್ಟಿ ಜಮಖಾನೆ ಹಾಸಿದ ಕಟ್ಟೆಯೆಂದು ಅದರ ಅರ್ಥ. ಎಂದರೆ ನಮ್ಮ ಜಗಲಿಯೇ! ಹಾದಿಹೋಕರು, ಮಕ್ಕಳು, ಮುದುಕರು ಯಾರು ಬೇಕಾದರೂ ಕುಳಿತು, ಯಾರ ಕೈಯನ್ನೂ ಬೇಡದೆ ಎದ್ದು ಹೋಗಬಹುದಾದ ಜಾಗ.

ಮೊನ್ನೆ ನೆರೆಮನೆಯವರು ಬಂದಿದ್ದರು. ಅತ್ತೆಯವರು ಬೆಂಚಿನ ತುದಿಯಲ್ಲಿ, ಕಿಟಕಿಯ ಬೆಳಕಿಗೆ ಹೂವಿನ ಬುಟ್ಟಿಯಿಟ್ಟುಕೊಂಡು ಕುಳಿತಿದ್ದರು. ಕಾಫಿ ತರಲೆಂದು ನಾನು ಏಳುವಷ್ಟರಲ್ಲಿ ಅವರೇ ತೋಳಿನ ಮೇಲೆ ಕೈಯೂರಿ ಎದ್ದು, "ನೀನು ಕೂತಿರು, ನಾನೇ ತರುತ್ತೇನೆ" ಎಂದು ಒಳಗೆ ನಡೆದರು. ಬಂದವರು ಗೋಡೆಯ ಬಣ್ಣವನ್ನು ಮೆಚ್ಚಿಕೊಂಡರು. ಬೆಂಚಿನ ವಿಷಯ ಅವರೇನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಪ್ಲಾಸ್ಟಿಕ್ ಕುರ್ಚಿ ಈಗ ಹಿತ್ತಲಲ್ಲಿದೆ. ಹಳೆಯ ಪತ್ರಿಕೆಗಳನ್ನು ಅದರ ಮೇಲೆ ಪೇರಿಸಿದ್ದೇವೆ.