ಓಡುವವರೇ, ಸ್ವಲ್ಪ ಭಾರವನ್ನೂ ಎತ್ತಿ

ಇಲ್ಲಿ ಏನಾದರೂ ಬರೆದು ತುಂಬಾ ದಿನ ಆಯ್ತು. ಬೆಳಿಗ್ಗೆ ಓಟ, ಆಮೇಲೆ ಆಫೀಸು, ಸಂಜೆ ಸುಸ್ತು... ಈ ನೆಪಗಳೆಲ್ಲ ನಿಮಗೂ ಗೊತ್ತಿರುವವೇ. ಇವತ್ತು ಬರೆಯೋದಕ್ಕೆ ಕಾರಣ ಅಮ್ಮ.

ಕಳೆದ ವರ್ಷ ಮಳೆಗಾಲದಲ್ಲಿ ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ಓಡಿ ಹೋಗಿ ನೋಡಿದರೆ ಗೋಡೆಗೆ ಒರಗಿ ಕೂತಿದ್ದಾಳೆ. "ಎಲ್ಲೂ ನೋವಿಲ್ಲ ಕಣೋ, ಒಂಚೂರು ಎತ್ತು ಸಾಕು" ಅಂದಳು. ಎತ್ತೋಕೆ ಹೋದೆ, ಆಗಲಿಲ್ಲ. ಇನ್ನೊಂದು ಸಲ ಪ್ರಯತ್ನಪಟ್ಟೆ, ನನ್ನ ಸೊಂಟವೇ ಚುಳ್ ಅಂತು. ಕೊನೆಗೆ ಕರೆದದ್ದು ಪಕ್ಕದ ಮನೆ ಹುಡುಗನನ್ನ. ಅವನು ದಿನಾ ಗರಡಿಗೆ ಹೋಗುವವನು. "ಅಜ್ಜಿ, ನನ್ನ ಕತ್ತು ಹಿಡ್ಕೊಳಿ" ಅಂದವನೇ ಕುಕ್ಕರುಗಾಲಲ್ಲಿ ಕೂತು, ಮಗುವನ್ನು ಎತ್ತಿದ ಹಾಗೆ ಎತ್ತಿ ನಿಲ್ಲಿಸಿದ.

ಪುಣ್ಯಕ್ಕೆ ಮೂಳೆಗೇನೂ ಆಗಿರಲಿಲ್ಲ. ಆದರೆ ರಾತ್ರಿ ಊಟಕ್ಕೆ ಕೂತಾಗ ಅಮ್ಮ ಕೇಳಿದಳು: "ದಿನಾ ಅಷ್ಟು ದೂರ ಓಡ್ತೀಯಲ್ಲೋ, ಅದರಿಂದ ಏನು ಬಂತು?"

ನನಗೆ ನಲವತ್ತಾರು ವರ್ಷ. ವಾರಕ್ಕೆ ನಾಲ್ಕು ದಿನ ಕುಕ್ಕರಹಳ್ಳಿ ಕೆರೆ ಸುತ್ತ ಓಟ, ಎರಡು ದಿನ ಸೈಕಲ್ಲು. ಚಾಮುಂಡಿ ಬೆಟ್ಟವನ್ನ ಸೈಕಲ್ಲಿನಿಂದ ಇಳಿಯದೆ ಹತ್ತುತ್ತೇನೆ. 21 ಕಿಲೋಮೀಟರು ಓಡಿ ತಗೊಂಡ ಪದಕಗಳು ಮೊಳೆಗೆ ನೇತುಬಿದ್ದಿವೆ. ಅಂಥವನಿಗೆ ಹೆತ್ತವಳನ್ನು ನೆಲದಿಂದ ಎತ್ತಲಾಗಲಿಲ್ಲ!

ಅವಮಾನ ಆದಾಗ ಮನುಷ್ಯ ಏನು ಮಾಡ್ತಾನೆ? ಅತಿ ಮಾಡ್ತಾನೆ. ಮರುದಿನದಿಂದಲೇ ಶುರು. ಓಟದ ಒಂದು ಕಿಲೋಮೀಟರೂ ಬಿಡಲಿಲ್ಲ, ಸೈಕಲ್ಲೂ ಬಿಡಲಿಲ್ಲ, ಅದರ ಮೇಲೆ ವಾರಕ್ಕೆ ಐದು ದಿನ ದಂಡೆ, ಬಸ್ಕಿ. ಮೂರನೇ ವಾರಕ್ಕೆ ಮೀನಖಂಡ ಹಿಡಿದುಕೊಂಡು ಎರಡು ವಾರ ಕುಂಟಿದೆ. ಹಾಗೆ ಕೂತಾಗಲೇ ಈ ವಿಷಯ ಸ್ವಲ್ಪ ಓದಿದ್ದು.

ಓಟ ಮತ್ತು ಭಾರ ಎತ್ತುವುದು ಒಂದಕ್ಕೊಂದು ಅಡ್ಡ ಬರುತ್ತವೆ ಅನ್ನೋದು ಹಳೇ ಮಾತು. 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಹತ್ತು ವಾರದ ಒಂದು ಪ್ರಯೋಗ ಮಾಡಿದ. ಒಂದು ಗುಂಪು ಬರೀ ಭಾರ ಎತ್ತಿತು, ಇನ್ನೊಂದು ಬರೀ ಓಡಿತು ಮತ್ತು ಸೈಕಲ್ ತುಳಿಯಿತು, ಮೂರನೆಯದು ಎರಡನ್ನೂ ಪೂರ್ತಿ ಮಾಡಿತು. ಭಾರ ಮಾತ್ರ ಎತ್ತಿದವರ ಬಲ ಕೊನೆವರೆಗೂ ಏರುತ್ತಲೇ ಹೋಯಿತು. ಎರಡನ್ನೂ ಮಾಡಿದವರ ಬಲ ಏಳೆಂಟು ವಾರಕ್ಕೆ ನಿಂತು, ಆಮೇಲೆ ಇಳಿಯಿತು. ಆದರೆ ಅವರು ವಾರಕ್ಕೆ ಐದು ದಿನ ಭಾರ, ಆರು ದಿನ ಏದುಸಿರಿನ ಓಟ, ಸೈಕಲ್ಲು ಮಾಡಿದ್ದರು. ಅಂದರೆ ಥೇಟ್ ನನ್ನ ಹಾಗೆ :)

ನನ್ನ ಕಣ್ಣು ತೆರೆಸಿದ್ದು ಇನ್ನೊಂದು. 1999ರಲ್ಲಿ ಫಿನ್ಲೆಂಡಿನವರು ಪಳಗಿದ ಓಟಗಾರರ ತರಬೇತಿಯಲ್ಲಿ ಸುಮಾರು ಮೂರನೇ ಒಂದು ಭಾಗವನ್ನ ತೆಗೆದುಹಾಕಿ, ಆ ಹೊತ್ತಿನಲ್ಲಿ ಜಿಗಿತ, ಚಿಕ್ಕ ಚಿಕ್ಕ ಬಿರುಸಿನ ಓಟ, ಕಾಲಿನ ಬಲದ ವ್ಯಾಯಾಮ ಮಾಡಿಸಿದರು. ಒಂಬತ್ತು ವಾರದ ನಂತರ ಅವರ 5 ಕಿಲೋಮೀಟರ್ ಓಟದ ಸಮಯ ಕಡಿಮೆಯಾಗಿತ್ತು. ಆಮ್ಲಜನಕ ಹೀರುವ ಶಕ್ತಿ ಹೆಚ್ಚಾಗಿರಲಿಲ್ಲ, ಇದ್ದ ಶಕ್ತಿಯಲ್ಲೇ ಕಾಲು ಚೆನ್ನಾಗಿ ಕೆಲಸ ಮಾಡಿತ್ತು, ಅಷ್ಟೇ.

ಗಮನಿಸಿ, ಅವರು ಸೇರಿಸಲಿಲ್ಲ, ಬದಲಾಯಿಸಿದರು. ನಾನು ಹೇಳಬೇಕೆಂದಿರೋದೂ ಇದೇ. ಓಟದ ಮೇಲೆ ಭಾರವನ್ನ ಪೇರಿಸಬೇಡಿ. ಒಂದು ಓಟ ಕಳೆಯಿರಿ, ಆ ಜಾಗದಲ್ಲಿ ಭಾರ ಇಡಿ.

ನನ್ನ ಈಗಿನ ವಾರ ಹೀಗಿದೆ. ಸೋಮವಾರ ಹಗುರವಾಗಿ ಸೈಕಲ್ಲು. ಮಂಗಳವಾರ ಬೆಳಿಗ್ಗೆ ವೇಗದ ಓಟ, ಸಂಜೆ ಭಾರ. ಎರಡೂ ಕಷ್ಟದ್ದೇ, ಒಂದೇ ದಿನ ಮುಗಿಸಿಬಿಟ್ಟರೆ ಬುಧವಾರ ನಿಜವಾದ ರಜೆ. ಗುರುವಾರ ಮತ್ತೆ ಭಾರ. ಶುಕ್ರವಾರ ನಿಧಾನದ ಓಟ, ಶನಿವಾರ ರಜೆ. ಭಾನುವಾರ ಒಂದು ವಾರ ಉದ್ದದ ಓಟ, ಇನ್ನೊಂದು ವಾರ ಬೆಟ್ಟಕ್ಕೆ ಸೈಕಲ್ಲು. ಭಾರವನ್ನ ಶುಕ್ರವಾರ ಇಟ್ಟುಕೊಂಡು ನೋಡಿದ್ದೆ. ಕಾಲುನೋವು ಎರಡನೇ ದಿನಕ್ಕೇ ಜೋರಾಗೋದು, ಭಾನುವಾರ ಮೆಟ್ಟಿಲು ಇಳಿಯೋದೇ ಕಷ್ಟ ಆಯ್ತು. ಗುರುವಾರಕ್ಕೆ ತಂದ ಮೇಲೆ ಸರಿಹೋಯ್ತು.

ಮನೆಯಲ್ಲಿ ಭಾರ ಎಲ್ಲಿಂದ ತರೋದು ಅಂತೀರಾ? 20 ಲೀಟರಿನ ನೀರಿನ ಕ್ಯಾನು ಇದೆಯಲ್ಲ! ಒಂದು ಲೀಟರು ನೀರು ಅಂದರೆ ಒಂದು ಕೆ.ಜಿ. ಹತ್ತು ಲೀಟರಿಂದ ಶುರು ಮಾಡಿ ವಾರಕ್ಕೊಂದು ಲೀಟರು ಸೇರಿಸುತ್ತಾ ಹೋದೆ. ಕ್ಯಾನು ತುಂಬಿದ ಮೇಲೆ ಬೆನ್ನಿಗೆ ಅಕ್ಕಿ ತುಂಬಿದ ಬ್ಯಾಗು. ಮಾಡೋದು ಐದೇ: ಬ್ಯಾಗು ಹೊತ್ತು ಬಸ್ಕಿ, ಬೆನ್ನು ನೇರ ಇಟ್ಟು ಕ್ಯಾನನ್ನ ನೆಲದಿಂದ ಎತ್ತೋದು, ದಂಡೆ, ಒಂಟಿಕಾಲಲ್ಲಿ ನಿಂತು ಮುಂದಕ್ಕೆ ಬಾಗಿ ಏಳೋದು, ಮೆಟ್ಟಿಲಿನ ಅಂಚಲ್ಲಿ ನಿಂತು ಹಿಮ್ಮಡಿ ಎತ್ತೋದು. ಮುಕ್ಕಾಲು ಗಂಟೆ ಸಾಕು.

ನಾವು ಓಡುವವರು ಇಲ್ಲೂ ಒಂದು ತಪ್ಪು ಮಾಡ್ತೀವಿ. ಐವತ್ತು ಬಸ್ಕಿ, ನೂರು ಬಸ್ಕಿ ಅಂತ ಲೆಕ್ಕ ಬೆಳೆಸ್ತೀವಿ. ಅದು ಇನ್ನೊಂದು ಥರದ ಓಟ ಅಷ್ಟೇ, ದಮ್ಮು ನಮಗೆ ಆಗಲೇ ಇದೆ. ಎಂಟು ಹತ್ತು ಸಲಕ್ಕೇ ಸಾಕಪ್ಪಾ ಅನಿಸುವಷ್ಟು ಭಾರ ಇರಬೇಕು.

ಸೈಕಲ್ ಮಾತ್ರ ತುಳಿಯುವ ಗೆಳೆಯರಿಗೂ ಒಂದು ಮಾತು. ಸೀಟಿನ ಮೇಲೆ ಕೂತಾಗ ಮೂಳೆಯ ಮೇಲೆ ಮೈಭಾರ ಅಷ್ಟಾಗಿ ಬೀಳೋದಿಲ್ಲ. ವರ್ಷಗಟ್ಟಲೆ ರೋಡ್ ಸೈಕ್ಲಿಂಗ್ ಮಾಡಿದವರ ಬೆನ್ನುಮೂಳೆ ಸವಕಲಾಗಿರೋದು ಹಲವು ಅಧ್ಯಯನಗಳಲ್ಲಿ ಕಂಡಿದೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ದೊಡ್ಡವರಿಗೆಲ್ಲ ವಾರಕ್ಕೆ ಎರಡು ದಿನವಾದರೂ ಬಲದ ವ್ಯಾಯಾಮ ಮಾಡಿ ಅಂತ ಹೇಳಿದೆ. ನಮ್ಮಲ್ಲಿ ಎಷ್ಟು ಜನ ಮಾಡ್ತೀವಿ?

ಯಾಕೆ ಮಾಡಲ್ಲ ಅಂದರೆ, ನನ್ನ ಮಟ್ಟಿಗೆ ಕಾರಣ ಸೋಮಾರಿತನ ಅಲ್ಲ, ಜಂಬ. ಸ್ಟ್ರಾವಾದಲ್ಲಿ ಹತ್ತು ಕಿಲೋಮೀಟರು ಓಡಿದೆ ಅಂತ ಹಾಕಿದರೆ ಇಪ್ಪತ್ತು ಜನ ಶಭಾಷ್ ಅಂತಾರೆ. ಹಾಲಿನಲ್ಲಿ ನೀರಿನ ಕ್ಯಾನು ಎತ್ತಿದ್ದನ್ನ ಯಾರು ಕೇಳ್ತಾರೆ? ಒಂದು ಓಟ ಬಿಟ್ಟ ಮೊದಲ ತಿಂಗಳು, ಕಡಿಮೆಯಾದ ಕಿಲೋಮೀಟರು ನೋಡಿ ನಿಜವಾಗಲೂ ಹೊಟ್ಟೆ ಉರಿದಿತ್ತು. ಈಗ ಅಭ್ಯಾಸ ಆಗಿದೆ. ವೇಗ ಕಮ್ಮಿಯಾಗಿಲ್ಲ, ಬೆಟ್ಟದ ಕೊನೇ ತಿರುವಿನಲ್ಲಿ ಮೊಣಕಾಲು ಗೊಣಗೋದು ನಿಂತಿದೆ.

ಅಮ್ಮನೂ ಸೇರಿಕೊಂಡಿದ್ದಾಳೆ. ನಾನು ಬಸ್ಕಿ ಹೊಡೆಯುವಾಗ ಅವಳು ಊಟದ ಮೇಜಿನ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುತ್ತಾಳೆ. ಮೊದಲು ಮೂರಕ್ಕೇ ಸುಸ್ತಾಗ್ತಿದ್ದಳು. "ಇನ್ನೊಂದು ಸಲ ಬಿದ್ದರೆ ನಿನ್ನ ನಂಬಿಕೊಂಡು ಕೂರೋಕಾಗಲ್ಲ" ಅಂತಾಳೆ.

ನೀವು ಓಟ, ಸೈಕಲ್ಲು, ಭಾರ ಮೂರನ್ನೂ ಹೇಗೆ ಹೊಂದಿಸಿಕೊಂಡಿದ್ದೀರಿ? ಯಾವುದನ್ನ ಬಿಟ್ಟಿರಿ? ಬರೆಯಿರಿ, ನನಗೂ ಕಲಿಯೋದಿದೆ.